ಜಿಪ್ಸಿಯ ಹಿಂಬದಿ ಮಡ್‌ಗಾರ್ಡ್: ಎತ್ತರಿಸುವುದಕ್ಕಿಂತ ಕತ್ತರಿಸುವುದೇ ಮೇಲು

ಮಾರುತಿ ಜಿಪ್ಸಿ ಕಿಂಗ್ ಕಾರ್ಖಾನೆಯಿಂದ ಹೊರಬರುತ್ತಿದ್ದ ಕಾಲದಲ್ಲಿ ಅದಕ್ಕೆ 205/70 ಆರ್15 ಅಳತೆಯ ಟೈರುಗಳಿರುತ್ತಿದ್ದವು. ಆ ಟೈರಿನ ಒಟ್ಟು ವ್ಯಾಸ ಲೆಕ್ಕದಲ್ಲಿ ಸುಮಾರು 668 ಮಿ.ಮೀ. ಮಲೆನಾಡಿನ ಎಸ್ಟೇಟ್ ದಾರಿಗಳಲ್ಲಿ ಓಡಾಡುವ ಹಳೆಯ ಜಿಪ್ಸಿಗಳಿಗೆ ಅನೇಕರು ಹಾಕಿಸುವ 235/75 ಆರ್15 ಟೈರಿನ ವ್ಯಾಸ ಸುಮಾರು 734 ಮಿ.ಮೀ. ಎರಡರ ನಡುವಿನ ವ್ಯತ್ಯಾಸದಲ್ಲಿ ಅರ್ಧ, ಅಂದರೆ 33 ಮಿ.ಮೀ., ನೆಲದಿಂದ ಆಕ್ಸಲ್‌ಗೆ ಸಿಗುವ ಹೆಚ್ಚುವರಿ ಎತ್ತರ. ಕೇಳುವುದಕ್ಕೆ ಇದು ಅಲ್ಪವೆನಿಸಬಹುದು. ಆದರೆ ಮಳೆಗಾಲದಲ್ಲಿ ಟ್ರ್ಯಾಕ್ಟರು ಓಡಾಡಿ ಎರಡು ಕಡೆ ಆಳವಾದ ಜಾಡು ಬಿದ್ದು, ನಡುವೆ ಮಣ್ಣಿನ ದಿಣ್ಣೆ ಉಳಿದಿರುವ ದಾರಿಯಲ್ಲಿ ಡಿಫರೆನ್ಷಿಯಲ್, ಅಂದರೆ ಆಕ್ಸಲಿನ ನಡುವೆ ಕೆಳಕ್ಕೆ ಉಬ್ಬಿಕೊಂಡಿರುವ ಗೇರುಗಳ ಗುಂಡು, ಆ ದಿಣ್ಣೆಗೆ ಕೂರುತ್ತದೆಯೋ ಅಥವಾ ಸವರಿಕೊಂಡು ದಾಟುತ್ತದೆಯೋ ಎಂಬುದು ಇಷ್ಟರಲ್ಲೇ ತೀರ್ಮಾನವಾಗುತ್ತದೆ.

ದೊಡ್ಡ ಟೈರು ಹಾಕಬೇಕೆಂದಾಗ ಮೊದಲು ಸಿಗುವ ಸಲಹೆ ಗಾಡಿಯನ್ನು ಎತ್ತರಿಸಿ ಎಂಬುದು. ಉದ್ದನೆಯ ಷ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ತೂಗುಕೊಂಡಿ) ಹಾಕಿ, ಇಲ್ಲವೇ ಸ್ಪ್ರಿಂಗಿನ ಬ್ಲೇಡ್ ಸೆಟ್ಟಿಗೆ ಇನ್ನೊಂದು ಬ್ಲೇಡು ಸೇರಿಸಿ, ಇಲ್ಲವೇ ಆಕ್ಸಲಿನ ಕೆಳಗಿರುವ ಸ್ಪ್ರಿಂಗನ್ನು ಮೇಲಕ್ಕೆ ಕೂರಿಸಿ ಎಂದು ಹೇಳುವವರು ಬಹಳ. ಈ ಯಾವ ಉಪಾಯವೂ ಡಿಫರೆನ್ಷಿಯಲನ್ನು ನೆಲದಿಂದ ಒಂದು ಕೂದಲೆಳೆಯಷ್ಟೂ ಮೇಲೆತ್ತುವುದಿಲ್ಲ ಎಂಬುದನ್ನು ಮಾತ್ರ ಹೇಳುವವರು ಕಡಿಮೆ. ಏರುವುದು ಚಾಸಿ ಮತ್ತು ಅದರ ಮೇಲಿನ ಬಾಡಿ. ಆಕ್ಸಲ್ ಟೈರಿನ ಮೇಲೆ ನಿಂತಿರುವುದರಿಂದ ಅದನ್ನು ಎತ್ತಲು ಟೈರಿಗೆ ಮಾತ್ರ ಸಾಧ್ಯ. ಜಿಪ್ಸಿಯ ಅಗಲವಾದರೋ ಒಂದೂವರೆ ಮೀಟರಿಗಿಂತ ತುಸುವೇ ಹೆಚ್ಚು. ಇಷ್ಟು ಕಿರಿದಾದ ಗಾಡಿಯ ಭಾರವನ್ನು ಇನ್ನೂ ಮೂರು ನಾಲ್ಕು ಅಂಗುಲ ಮೇಲಕ್ಕೆ ಕೂರಿಸಿ, ಒಂದು ಕಡೆ ಇಳಿಜಾರಾಗಿರುವ ಗುಡ್ಡದ ಅಂಚಿನಲ್ಲಿ ಓಡಿಸುವುದು ನನಗೆ ಒಪ್ಪಿಗೆಯಾಗುವ ಮಾತಲ್ಲ. ಆದ್ದರಿಂದ ಸ್ಪ್ರಿಂಗನ್ನು ಮುಟ್ಟದೆ, ಅಡ್ಡ ಬರುವ ತಗಡನ್ನು ತೆಗೆಯುವ ದಾರಿಯನ್ನೇ ನಾನು ಆರಿಸಿಕೊಂಡೆ.

ಮುಂದಿನ ಚಕ್ರದ ಸಮಸ್ಯೆ ಸ್ಟಿಯರಿಂಗ್ ತಿರುಗಿಸಿದ ಕೂಡಲೇ ಕಣ್ಣಿಗೆ ಬೀಳುತ್ತದೆ. ಹಿಂದಿನದು ಹಾಗಲ್ಲ. ಸಮತಟ್ಟಾದ ಅಂಗಳದಲ್ಲಿ ನಿಂತಿರುವಾಗ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಕೈ ತೂರಿಸುವಷ್ಟು ಜಾಗವಿರುತ್ತದೆ, ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ಗಾಡಿ ಹಳ್ಳಕ್ಕೆ ಓರೆಯಾಗಿ ಇಳಿದು ಒಂದು ಹಿಂಚಕ್ರ ಪೂರ್ತಿ ಮೇಲಕ್ಕೆ ಒತ್ತಿಕೊಂಡಾಗಲೇ ನಿಜ ಸ್ಥಿತಿ ತಿಳಿಯುವುದು. ಆಗ ಟೈರು ನೇರವಾಗಿ ಮೇಲಕ್ಕೆ ಹೋಗುವುದಿಲ್ಲ. ಹಿಂದಿನ ಲೀಫ್ ಸ್ಪ್ರಿಂಗಿನ ಮುಂತುದಿ ಚಾಸಿಗೆ ಸ್ಥಿರವಾಗಿ ಬಿಗಿದಿರುತ್ತದೆ, ಹಿಂತುದಿ ಷ್ಯಾಕಲ್ಲಿನಲ್ಲಿ ತೂಗುತ್ತದೆ. ಬಾಗಿದ ಬ್ಲೇಡು ಭಾರಕ್ಕೆ ನೇರವಾದಂತೆ ಉದ್ದವಾಗಿ ಆಕ್ಸಲನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತದೆ. ಜೊತೆಗೆ ಎಡಬಲದ ಚಕ್ರಗಳು ಒಂದೇ ಗಟ್ಟಿ ಆಕ್ಸಲಿನಲ್ಲಿರುವುದರಿಂದ, ಒಂದು ಚಕ್ರ ಮೇಲೇರಿ ಇನ್ನೊಂದು ಕೆಳಗಿಳಿದಾಗ ಮೇಲೇರಿದ ಟೈರಿನ ನೆತ್ತಿ ಒಳಕ್ಕೆ ವಾಲುತ್ತದೆ. ಹೀಗಾಗಿ ಉಜ್ಜುವುದು ಸಾಮಾನ್ಯವಾಗಿ ಮಡ್‌ಗಾರ್ಡಿನ ಕಮಾನಿನ ಹಿಂಭಾಗದ ಮೇಲಂಚಿನಲ್ಲಿ ಮತ್ತು ಒಳಗಿನ ತಗಡಿನಲ್ಲಿ. ಕಮಾನನ್ನು ಸುತ್ತಲೂ ಸಮನಾಗಿ ಕತ್ತರಿಸಿದರೆ ನೋಡಲು ಚೆಂದ. ಆದರೆ ಬೇಡದ ಕಡೆ ತಗಡು ಹೋಗಿ, ಬೇಕಾದ ಕಡೆ ಜಾಗ ಸಾಲದೆ ಉಳಿಯುತ್ತದೆ.

ಎಲ್ಲಿ ಕತ್ತರಿಸಬೇಕು ಎಂಬುದನ್ನು ಗಾಡಿಯಿಂದಲೇ ಹೇಳಿಸುವುದು ಉತ್ತಮ. ಕಮಾನಿನ ಒಳಗೆಲ್ಲ ಗೋಡೆಗೆ ಬಳಿಯುವ ಸುಣ್ಣವನ್ನು ಗಟ್ಟಿಯಾಗಿ ಕಲಸಿ ಬಳಿದು ಒಣಗಲು ಬಿಟ್ಟು, ಬಲ ಹಿಂಚಕ್ರ ಮತ್ತು ಎಡ ಮುಂಚಕ್ರ ಒಟ್ಟಿಗೆ ಏರುವಂತೆ ಗಾಡಿಯನ್ನು ತೋಟದ ಬದುವಿನ ಮೇಲೆ ಓರೆಯಾಗಿ, ಬಹಳ ನಿಧಾನವಾಗಿ ಹತ್ತಿಸಬೇಕು. ಅನಂತರ ಇನ್ನೊಂದು ಕರ್ಣಕ್ಕೂ ಹಾಗೆಯೇ ಮಾಡಬೇಕು. ನನ್ನ ಗಾಡಿಯಲ್ಲಿ ಸುಣ್ಣ ಕಿತ್ತುಹೋಗಿ ಟೈರಿನ ಭುಜದ ಕಚ್ಚುಗಳು ಅಚ್ಚೊತ್ತಿದಂತೆ ಮೂಡಿದ ಜಾಗ ಕಮಾನಿನ ಹಿಂಬದಿಯಲ್ಲಿ ಅಂಗೈ ಅಗಲಕ್ಕಿತ್ತು, ಮುಂಬದಿಯಲ್ಲಿ ಏನೂ ಇರಲಿಲ್ಲ. ಆ ಗುರುತಿನಿಂದ ಎರಡು ಬೆರಳು ಆಚೆಗೆ ಮಾಸ್ಕಿಂಗ್ ಟೇಪ್ ಅಂಟಿಸಿ ಗೆರೆ ಎಳೆದೆವು. ಕಚ್ಚುಗಳ ನಡುವೆ ಸಿಕ್ಕಿಕೊಳ್ಳುವ ಕೆಂಪು ಜಿಗುಟು ಮಣ್ಣಿಗೂ ಜಾಗ ಬೇಕಾಗುತ್ತದೆ. ಒಣ ಟೈರಿಗೆ ಅಳತೆ ಹಿಡಿದವರು ಜುಲೈ ತಿಂಗಳಲ್ಲಿ ಮತ್ತೊಮ್ಮೆ ಗ್ಯಾರೇಜಿಗೆ ಹೋಗಬೇಕಾಗುತ್ತದೆ.

ಹಿಂಬದಿ ಮಡ್‌ಗಾರ್ಡ್ ಒಂಟಿ ತಗಡಲ್ಲ ಎಂಬುದೇ ಈ ಕೆಲಸದ ತಿರುಳು. ಹೊರಗಿನ ಬಾಡಿ ತಗಡು ಮತ್ತು ಚಕ್ರದ ಮೇಲಿನ ಒಳಗಿನ ತಗಡು ಕಮಾನಿನ ಅಂಚಿನಲ್ಲಿ ಒಂದರ ಮೇಲೊಂದು ಕೂತು ಸ್ಪಾಟ್ ವೆಲ್ಡಿಂಗಿನಿಂದ ಸೇರಿರುತ್ತವೆ. ಆ ಅಂಚನ್ನು ಪೂರ್ತಿ ಕತ್ತರಿಸಿ ತೆಗೆದರೆ ಎರಡೂ ತಗಡುಗಳು ಬಿಟ್ಟುಕೊಂಡು ನಡುವೆ ಬಾಯಿ ತೆರೆಯುತ್ತದೆ. ಚಕ್ರ ಎರಚುವ ಕೆಸರೆಲ್ಲ ಅದರೊಳಗೆ ಸೇರುತ್ತದೆ. ಆದ್ದರಿಂದ ಮೊದಲು ಹೊರಗಿನ ತಗಡನ್ನು ಮಾತ್ರ ಗೆರೆಯಗುಂಟ ಕತ್ತರಿಸಿ, ಒಳಗಿನದನ್ನು ಅದಕ್ಕಿಂತ ಒಂದಂಗುಲ ಉದ್ದವಾಗಿ ಬಿಡಬೇಕು. ಹಾಗೆ ಉಳಿದ ಭಾಗಕ್ಕೆ ಒಂದೂವರೆ ಎರಡು ಅಂಗುಲಕ್ಕೊಂದರಂತೆ ಸೀಳು ಕೊಟ್ಟು, ಸುತ್ತಿಗೆಯಿಂದ ಹೊರಕ್ಕೆ ಮಡಿಚಿ, ಹೊರ ತಗಡಿಗೆ ಒತ್ತಿ ಬೆಸೆದರೆ ಕಮಾನು ಮತ್ತೆ ಮುಚ್ಚಿಕೊಳ್ಳುತ್ತದೆ, ಬಿಗಿಯೂ ಉಳಿಯುತ್ತದೆ. ನಾಲ್ಕು ಅಂಗುಲದ ಗ್ರೈಂಡರಿಗೆ 1 ಮಿ.ಮೀ. ದಪ್ಪದ ಕಟಿಂಗ್ ಡಿಸ್ಕ್ ಸಾಕು. ಬೆಸುಗೆಯನ್ನು ಒಂದೇ ಎಳೆಯಲ್ಲಿ ಎಳೆಯದೆ ಚುಕ್ಕಿ ಚುಕ್ಕಿಯಾಗಿ, ಒಮ್ಮೆ ಈ ತುದಿ ಒಮ್ಮೆ ಆ ತುದಿ ಎಂದು ಹಾಕಿಸಬೇಕು. ಇಲ್ಲವಾದರೆ ತೆಳು ತಗಡು ಕಾದು ಅಲೆಯಲೆಯಾಗಿ ಸೊಟ್ಟಗಾಗುತ್ತದೆ.

ಕೆಲಸಕ್ಕೆ ಮುನ್ನ ಮಾಡಬೇಕಾದವುಗಳಲ್ಲಿ ರಾಜಿ ಬೇಡ. ಬ್ಯಾಟರಿಯ ಸಂಪರ್ಕ ತೆಗೆದಿರಬೇಕು. ಎಂಪಿಎಫ್ಐ (ಕಾರ್ಬುರೇಟರಿನ ಬದಲು ಎಲೆಕ್ಟ್ರಾನಿಕ್ ಆಗಿ ಪೆಟ್ರೋಲ್ ಸಿಂಪಡಿಸುವ) ಎಂಜಿನ್ನಿನ ಗಾಡಿಯಾದರೆ ವೆಲ್ಡಿಂಗ್ ವಿದ್ಯುತ್ತು ಅದರ ಕಂಟ್ರೋಲ್ ಯೂನಿಟ್ಟನ್ನು ಹಾಳುಮಾಡಬಲ್ಲದು. ಪೆಟ್ರೋಲ್ ತುಂಬುವ ಕೊಳವೆ ಮತ್ತು ಹಿಂದಿನ ದೀಪದ ವೈರುಗಳು ಎಲ್ಲಿ ಹಾದುಹೋಗಿವೆ ಎಂಬುದನ್ನು ಕೈಯಿಂದ ಮುಟ್ಟಿ ನೋಡಿಯೇ ಡಿಸ್ಕ್ ಇಡಬೇಕು. ಹಿಂದಿನ ಸೀಟು ಹೊರಗಿರಲಿ, ಪಕ್ಕದಲ್ಲಿ ಒದ್ದೆ ಗೋಣಿಚೀಲ ಮತ್ತು ಒಂದು ಬಕೆಟ್ ನೀರು ಇರಲಿ. ಗ್ರೈಂಡರಿನ ಕಿಡಿ ಗಾಜಿಗೆ ಬಡಿದರೆ ಮರಳಿನ ಕಾಳಿನಂತೆ ಅಂಟಿಕೊಂಡು ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಬಟ್ಟೆ ಹುಡ್‌ನ ಪ್ಲಾಸ್ಟಿಕ್ ಕಿಟಕಿಯಾದರೆ ತೂತೇ ಬೀಳುತ್ತದೆ.

ನಮ್ಮ ಟಿಂಕರ್ ಒಳ್ಳೆಯ ಕೈಗಾರ, ಆದರೂ ಅವರೊಂದಿಗೆ ಒಂದು ವಿಷಯಕ್ಕೆ ವಾದ ಮಾಡಲೇಬೇಕಾಯಿತು. ಬೆಸುಗೆಯ ಮೇಲೆ ಪುಟ್ಟಿ ಹಚ್ಚಿ ನುಣುಪು ಮಾಡಿಕೊಡುತ್ತೇನೆ ಎಂದು ಅವರು, ಪುಟ್ಟಿಯೇ ಬೇಡ ಎಂದು ನಾನು. "ಫಿನಿಶಿಂಗ್ ಬರಲ್ಲ ಸಾರ್, ಆಮೇಲೆ ನನ್ನ ಹೆಸರು ಹೇಳಬೇಡಿ" ಎಂದರು. ಆದರೆ ಕಮಾನಿನ ಅಂಚು ಸದಾ ಅದುರುವ ಜಾಗ. ಅಲ್ಲಿ ಪುಟ್ಟಿ ಬಿರುಕು ಬಿಟ್ಟು, ಬಿರುಕಿನಲ್ಲಿ ನೀರು ನಿಂತು, ಒಳಗೊಳಗೇ ತುಕ್ಕು ಹಿಡಿಯುತ್ತದೆ. ಹೊರಗಿನ ಬಣ್ಣ ಉಬ್ಬಿ ಬರುವ ಹೊತ್ತಿಗೆ ತಗಡು ಹಪ್ಪಳವಾಗಿರುತ್ತದೆ. ಸತುವಿನ ಪ್ರೈಮರ್, ಸೀಲರ್, ಬಣ್ಣ, ಒಳಬದಿಗೆ ಟಾರಿನಂಥ ಅಂಡರ್‌ಕೋಟ್, ಇಷ್ಟನ್ನು ಒಂದರ ಮೇಲೊಂದು ಚೆನ್ನಾಗಿ ಒಣಗಲು ಬಿಟ್ಟು ಹಾಕಿಸಿದರೆ ಸಾಕು. ಚಕ್ರದ ಹಿಂದೆ ಬಾಡಿಯ ತಳದಲ್ಲಿರುವ ನೀರು ಬಸಿಯುವ ರಂಧ್ರಗಳನ್ನು ಅಂಡರ್‌ಕೋಟ್ ಮುಚ್ಚಿಬಿಡದಂತೆ ಒಂದು ತಂತಿ ತೂರಿಸಿ ತೆರೆದಿಡಬೇಕು.

ಕತ್ತರಿಸಿದ ಮೇಲೂ ಟೈರು ಒಳಗೆ ಎಲ್ಲಿಯಾದರೂ ತಾಗುತ್ತಿದ್ದರೆ ಆಕ್ಸಲ್ ಮೇಲೆ ಬಂದಾಗ ತಡೆಯುವ ರಬ್ಬರಿನ ಬಂಪ್ ಸ್ಟಾಪಿನ ಕೆಳಗೆ ತುಂಡೊಂದನ್ನು ಸೇರಿಸಿ ಆಕ್ಸಲ್ ಅಷ್ಟು ಮೇಲೆ ಬಾರದಂತೆ ತಡೆಯಬಹುದು. ಚಕ್ರದ ಓಡಾಟ ಅಷ್ಟರಮಟ್ಟಿಗೆ ಕಡಿಮೆಯಾಗುವುದರಿಂದ ಇದನ್ನು ಕೊನೆಯ ಉಪಾಯವೆಂದೇ ಇಟ್ಟುಕೊಳ್ಳುವುದು ಲೇಸು. ಟೈರು ಬಾಡಿಯಿಂದ ಹೊರಕ್ಕೆ ಚಾಚಿದ್ದರೆ ಕಮಾನಿನ ಅಂಚಿಗೆ ಹೊರಚಾಚಿನಂತೆ ಕೂರಿಸುವ ರಬ್ಬರಿನ ಫ್ಲೇರ್ ಅಗತ್ಯ, ಇಲ್ಲವಾದರೆ ಹಿಂದೆ ಬರುವ ಬೈಕಿನವರ ಮುಖಕ್ಕೆ ಕಲ್ಲು ಹಾರುತ್ತದೆ.

ಕಾನೂನಿನ ಮಾತನ್ನೂ ಹೇಳಿಬಿಡಬೇಕು. ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸಬಾರದು ಎಂದು ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ ಹೇಳುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಅದನ್ನೇ ಗಟ್ಟಿಯಾಗಿ ಎತ್ತಿಹಿಡಿದಿದೆ. ಆದ್ದರಿಂದ ಸಾರ್ವಜನಿಕ ರಸ್ತೆಯಲ್ಲಿ ಓಡುವ ಗಾಡಿಗೆ ಕತ್ತರಿ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ವಿಚಾರಿಸುವುದು ಕ್ಷೇಮ. ನನ್ನದು ತೋಟದ ಗೇಟು ದಾಟುವುದು ಅಪರೂಪ.

ದೊಡ್ಡ ಟೈರಿನ ಬೆಲೆಯನ್ನು ಎಂಜಿನ್ ತೆರುತ್ತದೆ. 1298 ಸಿಸಿಯ ಈ ಪೆಟ್ರೋಲ್ ಎಂಜಿನ್ನಿಗೆ ಎಲ್ಲ ಗೇರುಗಳೂ ಹತ್ತಿರ ಹತ್ತಿರ ಶೇ. 10ರಷ್ಟು ಉದ್ದವಾದಂತಾಗುವುದರಿಂದ, ಮೊದಲು ಹೈ ರೇಂಜಿನಲ್ಲೇ (ಮಾಮೂಲಿ ಗೇರುಗಳಲ್ಲೇ) ಹತ್ತುತ್ತಿದ್ದ ಏರಿಗೆ ಈಗ ವೇಗ ತಗ್ಗಿಸಿ ಬಲ ಹೆಚ್ಚಿಸುವ ಲೋ ರೇಂಜ್ ಬೇಕಾಗುತ್ತದೆ. ಬ್ರೇಕಿಗೂ ಅಷ್ಟೇ ಹೆಚ್ಚು ಬಲ ಹಾಕಬೇಕು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ ಮೊದಲಿಗಿಂತ ಸುಮಾರು 6 ಕಿ.ಮೀ. ಹೆಚ್ಚು ವೇಗದಲ್ಲಿರುತ್ತದೆ. ಸ್ಟೆಪ್ನಿಯೂ ಅದೇ ಅಳತೆಯದ್ದಾಗಿರಲೇಬೇಕು, ಏಕೆಂದರೆ ಫೋರ್ ವೀಲ್ ಡ್ರೈವ್ ಹಾಕಿರುವಾಗ ಒಂದು ಚಕ್ರ ಚಿಕ್ಕದಾದರೆ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳು ಒಂದರೊಡನೊಂದು ಗುದ್ದಾಡಿ, ಎರಡಕ್ಕೂ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿಗೆ ಪೆಟ್ಟಾಗುತ್ತದೆ. ಆದರೆ ಅಷ್ಟು ಭಾರದ ಚಕ್ರವನ್ನು ಹಿಂಬಾಗಿಲಿಗೆ ತೂಗುಹಾಕಿದರೆ ಬಾಗಿಲಿನ ಕೀಲುಗಳು ಜಗ್ಗುತ್ತವೆ. ಚಾಸಿಯಿಂದಲೇ ಒಂದು ಕಬ್ಬಿಣದ ತೋಳು ಮಾಡಿಸಿ ಸ್ಟೆಪ್ನಿಯನ್ನು ಅದಕ್ಕೆ ಬಿಗಿಸಬೇಕೆಂದಿದ್ದೇನೆ. ಅಲ್ಲಿಯವರೆಗೆ ಅದು ಹಿಂದಿನ ಸೀಟಿನ ಜಾಗದಲ್ಲಿ ಹಗ್ಗ ಬಿಗಿಸಿಕೊಂಡು ಮಲಗಿರುತ್ತದೆ.