ಸೆಲ್ ಅಗ್ಗ, ಪ್ಯಾಕ್ ಮಾತ್ರ ದುಬಾರಿ

ಉಡುಪಿಯಲ್ಲಿ ಎಲೆಕ್ಟ್ರಿಕ್ ಸೈಕಲ್ ಇಟ್ಟುಕೊಂಡವರಿಗೆ ಬ್ಯಾಟರಿ ಸೋತದ್ದು ಗೊತ್ತಾಗುವುದೇ ಇಂದ್ರಾಳಿ ದಾಟಿ ಮಣಿಪಾಲದ ಏರು ಹತ್ತುವಾಗ. ನನ್ನದೂ ಹಾಗೇ ಆಯಿತು. ಹೊಸ ಪ್ಯಾಕ್, ಅಂದರೆ ಸೆಲ್‌ಗಳನ್ನು ಜೋಡಿಸಿದ ಇಡೀ ಬ್ಯಾಟರಿ, ಕೇಳಿದರೆ ಸೈಕಲ್‌ನ ಅರ್ಧ ಬೆಲೆ ಹೇಳಿದರು ಮಾರಾಯ್ರೆ. ಅದೂ ಸಿಗುವುದು ಗ್ಯಾರಂಟಿ ಇಲ್ಲ, ಆ ಮಾಡೆಲ್ ನಿಂತು ಹೋಗಿದೆಯಂತೆ.

ಬ್ಯಾಟರಿ ಅಗ್ಗ ಆಗ್ತಾ ಇದೆ ಅನ್ನುವುದು ಸುಳ್ಳಲ್ಲ. ಇಂಧನ ಮಾರುಕಟ್ಟೆ ಅಧ್ಯಯನ ಮಾಡುವ ಬ್ಲೂಮ್‌ಬರ್ಗ್‌ಎನ್‌ಇಎಫ್ ಲೆಕ್ಕದಲ್ಲಿ 2024ರಲ್ಲಿ ಲಿಥಿಯಂ ಪ್ಯಾಕ್‌ನ ಸರಾಸರಿ ಬೆಲೆ ಯೂನಿಟ್‌ಗೆ, ಅಂದರೆ ಕಿಲೋವ್ಯಾಟ್ ಅವರ್‌ಗೆ, 115 ಡಾಲರ್. ನನ್ನದು 36 ವೋಲ್ಟ್, 10 ಆಂಪಿಯರ್ ಅವರ್, ಬರೀ 0.36 ಯೂನಿಟ್. ಆ ರೇಟಿನಲ್ಲಿ ನಲವತ್ತು ಡಾಲರ್ ಚಿಲ್ಲರೆ ಅಷ್ಟೆ! ಆದರೆ ಅದು ರಾಶಿ ರಾಶಿ ಕೊಳ್ಳುವ ಕಂಪನಿಗಳ ರೇಟು. ನಮ್ಮದಕ್ಕೆ ಬಿಎಂಎಸ್ (ಸೆಲ್‌ಗಳ ಚಾರ್ಜು ಕಾಯುವ ಸರ್ಕ್ಯೂಟ್), ಸೆಲ್ ಜೋಡಿಸುವ ನಿಕ್ಕಲ್ ಪಟ್ಟಿ, ವೆಲ್ಡಿಂಗ್, ಡಬ್ಬಿ ಎಲ್ಲ ಬಿಡಿ ರೇಟಿನಲ್ಲಿ ಬೀಳುತ್ತದೆ, ಅಂಗಡಿಯವರ ಲಾಭವೂ ಸೇರುತ್ತದೆ. ಮೇಲಿಂದ ಇಡೀ ಎಲೆಕ್ಟ್ರಿಕ್ ಗಾಡಿಗೆ ಜಿಎಸ್‌ಟಿ 5%, ಬಿಡಿ ಲಿಥಿಯಂ ಬ್ಯಾಟರಿಗೆ 18%. ಹಳೆಯದನ್ನು ಉಳಿಸಿಕೊಂಡವನಿಗೇ ತೆರಿಗೆ ಜಾಸ್ತಿ, ಇದ್ಯಾವ ನ್ಯಾಯ?

ನಿಜವಾದ ತಲೆನೋವು ಸೆಲ್‌ನ ಅಳತೆ. ನನ್ನ ಡಬ್ಬಿಯಲ್ಲಿರುವುದು 18650, ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದ. ಈಗ ಹೊಸ ಗಾಡಿಗಳಲ್ಲಿ 21700 ಜಾಸ್ತಿ, 21 ದಪ್ಪ, 70 ಉದ್ದ. 2.5 ಆಂಪಿಯರ್ ಅವರ್‌ನ ಹಳೇ ಸೆಲ್ ನಲವತ್ತು ಬೇಕಿದ್ದ ಕಡೆ 5ರದ್ದು ಇಪ್ಪತ್ತು ಸಾಕು. ವೆಲ್ಡಿಂಗ್ ಅರ್ಧ, ಕೆಡುವ ಜಾಗವೂ ಅರ್ಧ. ಎಲ್ಲ ಸರಿ, ಆದರೆ 5 ಮಿಲಿಮೀಟರ್ ಉದ್ದ ಬಂತಲ್ಲ! 65ಕ್ಕೆ ಅಂತಲೇ ಮಾಡಿದ ಡಬ್ಬಿಯ ಮುಚ್ಚಳ ಕೂರುವುದಿಲ್ಲ. ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್, ಹಾಕುವ ಅಂದರೆ ಬಾಳಿಕೆ ಚೆನ್ನಾಗಿದೆ, ಆದರೆ ಒಂದು ಸೆಲ್‌ಗೆ 3.2 ವೋಲ್ಟ್ ಮಾತ್ರ. 36 ವೋಲ್ಟ್ ಬರಲು ಹತ್ತರ ಬದಲು ಹನ್ನೆರಡು ಸಾಲು ಬೇಕು, ಬಿಎಂಎಸ್, ಚಾರ್ಜರ್ ಎರಡೂ ಬೇರೆ, ತೂಕವೂ ಹೆಚ್ಚು.

‘ಸತ್ತ ನಾಲ್ಕು ಸೆಲ್ ಮಾತ್ರ ಬದಲಾಯಿಸಿ ಕೊಡ್ತೇನೆ ಅಣ್ಣ’ ಅಂದವರೂ ಇದ್ದಾರೆ. ಒಪ್ಪಲಿಲ್ಲ. ಹಳೇ ಸೆಲ್ ಬೇಗ ಇಳಿಯುತ್ತದೆ, ಬೇಗ ತುಂಬುತ್ತದೆ, ಹೊಸದರ ಜೊತೆ ಯಾವತ್ತೂ ಸಮ ಆಗುವುದಿಲ್ಲ. ಬಿಚ್ಚಿ ನೋಡಿದಾಗ ಪಟ್ಟಿಗಳಿಗೂ ತುಕ್ಕು ಹಿಡಿದಿತ್ತು. ಕಡಲ ಬದಿಯ ಗಾಳಿ, ಅದರ ಮೇಲೆ ನಮ್ಮ ಮಳೆ, ಕೇಳಬೇಕಾ?

ಕೊನೆಗೆ ಒಳ್ಳೆಯ 18650 ಸೆಲ್ಲನ್ನೇ ತರಿಸಿ, ಅದೇ ಡಬ್ಬಿಗೆ ಪೂರ್ತಿ ಹೊಸ ಪ್ಯಾಕ್ ಕಟ್ಟಿಸುತ್ತಿದ್ದೇನೆ. ಸೈಕಲ್ ಹೊಸತಾಗಿ ಕೊಳ್ಳುವವರು ಎಷ್ಟು ಕಿಲೋಮೀಟರ್ ಹೋಗುತ್ತದೆ ಅಂತ ಆಮೇಲೆ ಕೇಳಿ, ಒಳಗೆ ಯಾವ ಸೆಲ್, ಡಬ್ಬಿ ಬಿಚ್ಚಲು ಬರುತ್ತದಾ ಅಂತ ಮೊದಲು ಕೇಳಿ.