ನಾಲ್ಕು ವಾಷರ್ ತೆಗೆದ ದಿನ

ನನ್ನ ಬೈಕು 600 ಸಿಸಿಯದು. ನಾಲ್ಕು ಸಿಲಿಂಡರ್, ಕಾರ್ಬುರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕಾಲದ್ದು, ಸೆಕೆಂಡ್ ಹ್ಯಾಂಡ್. ಸ್ಟಾರ್ಟಿಂಗ್ ಸಲೀಸು, ಐಡಲ್ ನೆಟ್ಟಗೆ, ನಿಧಾನಕ್ಕೆ ಓಡಿಸಿದರೆ ಒಂದು ತಕರಾರೂ ಇಲ್ಲ. ಆದರೆ ಹೆದ್ದಾರಿಗೆ ಬಂದು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದರೆ, 6,000 ಆರ್‌ಪಿಎಂ ದಾಟುತ್ತಿದ್ದ ಹಾಗೆ ಉಬ್ಬಸದವರು ಮೆಟ್ಟಿಲು ಹತ್ತಿದಂತೆ ಏದುಸಿರು ಬಿಡುತ್ತಿತ್ತು. ಸದ್ದು ಏರುತ್ತಿತ್ತು, ಮೀಟರಿನ ಮುಳ್ಳೂ ನಿಧಾನಕ್ಕೆ ಏರುತ್ತಿತ್ತು, ಎಳೆತ ಮಾತ್ರ ಇಲ್ಲ. ಇಂಥ ಇಂಜಿನ್ನುಗಳು ಮೈಬಿಚ್ಚುವುದೇ 8,000ದ ಮೇಲೆ. ನನ್ನದು ಅಲ್ಲಿಗೆ ತಲುಪುವಷ್ಟರಲ್ಲಿ ನನಗೇ ಬೇಜಾರು ಬರುತ್ತಿತ್ತು.

ಕಾರಣ ಹುಡುಕುವ ಕೆಲಸ ಇರಲಿಲ್ಲ. ಬೈಕಿನ ಜೊತೆ ಬಂದ ಫೈಲಿನಲ್ಲೇ ಒಂದು ಸರ್ಟಿಫಿಕೇಟ್ ಇತ್ತು. ಇನ್‌ಟೇಕ್‌ನಲ್ಲಿ, ಅಂದರೆ ಇಂಜಿನ್ನಿಗೆ ಗಾಳಿ ಹೋಗುವ ದಾರಿಯಲ್ಲಿ, ರಿಸ್ಟ್ರಿಕ್ಟರ್ ಅನ್ನುವ ತಡೆ ಹಾಕಿ ಪವರ್ 25 ಕಿಲೋವ್ಯಾಟ್‌ಗೆ ಇಳಿಸಲಾಗಿದೆ ಅಂತ. ಅಂದರೆ ಸುಮಾರು 34 ಕುದುರೆಶಕ್ತಿ. ಆ ತಡೆ ತೆಗೆದರೆ ಇದೇ ಇಂಜಿನ್ 70 ಕಿಲೋವ್ಯಾಟ್ ಆಸುಪಾಸು ಕೊಡಬೇಕು. ಯುರೋಪಿನಲ್ಲಿ ಚಿಕ್ಕ ವಯಸ್ಸಿಗೆ ದೊಡ್ಡ ಬೈಕಿನ ಲೈಸೆನ್ಸ್ ಪಡೆದವರಿಗೆ ಮೊದಲ ಎರಡು ವರ್ಷ 25 ಕಿಲೋವ್ಯಾಟ್ ಮಿತಿ ಇದ್ದ ಕಾಲದ ಸೆಟಪ್ ಇದು. 2013ರ ಜನವರಿಯಿಂದ ಅದರ ಜಾಗದಲ್ಲಿ ಎ2 ಲೈಸೆನ್ಸ್ ಬಂತು, ಮಿತಿ 35 ಕಿಲೋವ್ಯಾಟ್ ಆಯಿತು. ಹಿಂದಿನ ಮಾಲೀಕರಿಗೆ ಅದು ಬೇಕಿತ್ತು, ಹಾಕಿಸಿದ್ದರು. ನನ್ನ ಹತ್ತಿರ ಪೂರ್ತಿ ಲೈಸೆನ್ಸ್ ಇದೆ, ಹಾಗಾಗಿ ತೆಗೆಯಲು ಅಡ್ಡಿ ಇರಲಿಲ್ಲ.

ಸ್ಪ್ಯಾನರ್ ಹಿಡಿಯುವ ಮುಂಚೆ ಇನ್ಶೂರೆನ್ಸ್‌ನವರಿಗೆ ತಿಳಿಸಿ, ನೋಂದಣಿ ಕಾಗದದಲ್ಲಿ ಪವರ್ ಬದಲಾಯಿಸಲು ಏನು ಬೇಕು ಅಂತ ಕೇಳಿಕೊಂಡೆ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಕಾಗದದಲ್ಲಿ 25 ಇದ್ದು ಇಂಜಿನ್ನಿನಲ್ಲಿ 70 ಇದ್ದರೆ, ಅಪಘಾತವಾದ ದಿನ ಆ ವ್ಯತ್ಯಾಸ ಯಾರ ತಲೆಗೆ ಬರುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಹಾಗೇ ಮುಂದಿನ ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್ ಬದಲಾಯಿಸಿ, ಚೈನ್ ಟೈಟ್ ಮಾಡಿದೆ. ಇಷ್ಟು ವರ್ಷ ಮೆತ್ತಗೆ ಓಡಿದ ಬೈಕು ಅದು.

ಕೆಲಸದ ದಿನ ಒಬ್ಬ ಗೆಳೆಯ ಬಂದಿದ್ದ. ಅವನಿಗೆ ಕಾರ್ಬುರೇಟರ್ ಕೆಲಸ ಚೆನ್ನಾಗಿ ಗೊತ್ತು, ಅದಕ್ಕಿಂತ ಮುಖ್ಯವಾಗಿ ತಾಳ್ಮೆ ಇದೆ. ಸೀಟು, ಪೆಟ್ರೋಲ್ ಟ್ಯಾಂಕು, ಏರ್‌ಬಾಕ್ಸ್ (ಏರ್ ಫಿಲ್ಟರ್ ಕೂರುವ ಡಬ್ಬಿ), ಒಂದೊಂದಾಗಿ ಬಿಚ್ಚಿದೆವು. ಕೇಬಲ್ ಕಳಚಿ, ಕ್ಲ್ಯಾಂಪ್‌ಗಳನ್ನು ಸಡಿಲ ಮಾಡಿದ ಮೇಲೆ ನಾಲ್ಕೂ ಕಾರ್ಬುರೇಟರ್‌ಗಳನ್ನು ಒಟ್ಟಿಗೆ ಹಿಂದಕ್ಕೆ ಎಳೆಯಬೇಕು. ಹಳೆ ರಬ್ಬರ್ ಕಲ್ಲಾಗಿತ್ತು. ಸ್ಕ್ರೂಡ್ರೈವರ್ ಹಾಕಿ ಮೀಟಿದರೆ ರಬ್ಬರ್ ಹರಿಯುತ್ತದೆ, ಇಲ್ಲವೇ ಅಲ್ಯೂಮಿನಿಯಂ ಗೀರಿಹೋಗುತ್ತದೆ. ಹೇರ್ ಡ್ರೈಯರ್‌ನಿಂದ ಬಿಸಿ ಮಾಡಿ, ಮೇಲೆ ಕೆಳಗೆ ಅಲ್ಲಾಡಿಸಿ, ಕೊನೆಗೆ ಸೆಳೆದುಕೊಂಡೆವು.

ಇನ್‌ಟೇಕ್ ರಬ್ಬರಿನೊಳಗೆ ಟಾರ್ಚ್ ಬಿಟ್ಟರೆ ಕಂಡವು. ತೆಳ್ಳಗಿನ ಲೋಹದ ವಾಷರ್‌ಗಳು, ನಡುವೆ ಒಂದು ತೂತು. ಅಷ್ಟೇ! ಇಂಜಿನ್ನಿನ ಅರ್ಧಕ್ಕಿಂತ ಜಾಸ್ತಿ ಪವರ್ ತಡೆದಿದ್ದು ಈ ನಾಲ್ಕು ಬಿಲ್ಲೆಗಳು. ಆ ರಬ್ಬರ್‌ಗಳನ್ನು ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನಿಂದ ಬಿಚ್ಚಿ, ತಕ್ಷಣ ನಾಲ್ಕೂ ಪೋರ್ಟ್‌ಗಳಿಗೆ ಶುದ್ಧ ಬಟ್ಟೆ ತುರುಕಿದೆವು. ಒಂದು ಸಣ್ಣ ಸ್ಕ್ರೂ ವಾಲ್ವ್ ಕಡೆ ಜಾರಿದರೆ ಇಡೀ ಹೆಡ್ ಬಿಚ್ಚುವ ಕೆಲಸ ಬೀಳುತ್ತದೆ.

ವರ್ನಿಯರ್ ಇಟ್ಟು ಅಳೆದೆ. ಕಾರ್ಬುರೇಟರ್ ಬಾಯಿ 36 ಮಿಲಿಮೀಟರ್. ವಾಷರಿನ ತೂತು 16. ಅಗಲದಲ್ಲಿ ಅರ್ಧಕ್ಕೆ ಹತ್ತಿರ ಅನಿಸುತ್ತದೆ, ಆದರೆ ಗಾಳಿ ಹೋಗುವುದು ವಿಸ್ತೀರ್ಣದಲ್ಲಿ. 36ರ ವರ್ಗವನ್ನು 16ರ ವರ್ಗದಿಂದ ಭಾಗಿಸಿದರೆ ಐದು ಬರುತ್ತದೆ. ದಾರಿಯ ಐದರಲ್ಲಿ ನಾಲ್ಕು ಪಾಲು ಮುಚ್ಚಿತ್ತು.

"ಹಾಗಿದ್ರೆ ಕೆಳಗಡೆ ಪಿಕಪ್ ಹೇಗೆ ಚೆನ್ನಾಗಿತ್ತು?" ಅಂತ ಗೆಳೆಯನನ್ನು ಕೇಳಿದೆ.

"ಅರ್ಧಂಬರ್ಧ ಆಕ್ಸಿಲರೇಟರ್‌ನಲ್ಲಿ ಗಾಳಿಯನ್ನ ತಡೆಯೋದು ನಿನ್ನ ಕೈ ಕಣೋ, ವಾಷರ್ ಅಲ್ಲ" ಅಂದ.

ಇದೇ ಇಡೀ ವಿಷಯದ ತಿರುಳು. ಆಕ್ಸಿಲರೇಟರ್ ಸ್ವಲ್ಪವೇ ತೆರೆದಾಗ ಕಾರ್ಬುರೇಟರಿನ ಬಟರ್‌ಫ್ಲೈ (ಆಕ್ಸಿಲರೇಟರ್ ಜೊತೆ ತಿರುಗುವ ತಟ್ಟೆ) ಬಿಡುವ ಸಂದು ಆ 16 ಮಿಲಿಮೀಟರ್ ತೂತಿಗಿಂತ ಸಣ್ಣದು. ಆಗ ವಾಷರ್ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಪೂರ್ತಿ ತೆರೆದರೂ, ಆರ್‌ಪಿಎಂ ಕಮ್ಮಿ ಇದ್ದರೆ ಸಿಲಿಂಡರ್ ತುಂಬಿಕೊಳ್ಳಲು ಸಮಯ ಸಿಗುತ್ತದೆ. ವಾಷರಿಗೆ ಕೆಲಸ ಬರುವುದು ಬಟರ್‌ಫ್ಲೈ ತೆರೆದಿದ್ದು, ಇಂಜಿನ್ನೂ ಜೋರಾಗಿ ತಿರುಗುವಾಗ.

ಎಷ್ಟು ಕೆಲಸ ಅಂತ ಅಲ್ಲೇ ಲೆಕ್ಕ ಹಾಕಿದೆ. ಒಂದು ಸಿಲಿಂಡರ್ 150 ಸಿಸಿ. 12,000 ಆರ್‌ಪಿಎಂನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿಯಲು ಸೆಕೆಂಡಿನ 400ನೇ ಒಂದು ಭಾಗ ಸಾಕು. ಅಷ್ಟರಲ್ಲಿ ಪೂರ್ತಿ 150 ಸಿಸಿ ಗಾಳಿ 16 ಮಿಲಿಮೀಟರ್ ತೂತಿನಲ್ಲಿ ನುಗ್ಗಬೇಕಾದರೆ ಅದರ ಸರಾಸರಿ ವೇಗ ಸೆಕೆಂಡಿಗೆ 300 ಮೀಟರಿಗೆ ಹತ್ತಿರ ಇರಬೇಕು. ಶಬ್ದದ ವೇಗವೇ ಸುಮಾರು 340. ಪಿಸ್ಟನ್ ನಡುದಾರಿಯಲ್ಲಿ ಸರಾಸರಿಗಿಂತ ಜೋರಾಗಿ ಓಡುತ್ತದೆ, ಆಗ ಗಾಳಿ ಶಬ್ದವನ್ನೂ ಮೀರಿಸಬೇಕು. ಇಂಥ ತೂತಿನಲ್ಲಿ ಅದು ಆಗುವುದಿಲ್ಲ. ತೂತಿನಲ್ಲಿ ಗಾಳಿ ಶಬ್ದದ ವೇಗ ಮುಟ್ಟಿದ ಮೇಲೆ, ಆಚೆಯಿಂದ ಇಂಜಿನ್ ಎಷ್ಟೇ ಹೀರಿದರೂ ಜಾಸ್ತಿ ಗಾಳಿ ಬರುವುದಿಲ್ಲ. ಕಾರ್ ರೇಸಿಂಗ್‌ನಲ್ಲಿ ಕೂಡ ಇದನ್ನೇ ಬಳಸುತ್ತಾರೆ. ಕಾಲೇಜು ಹುಡುಗರು ಕಾರು ಕಟ್ಟುವ ಫಾರ್ಮುಲಾ ಎಸ್‌ಎಇ ಸ್ಪರ್ಧೆಯಲ್ಲಿ ಪೆಟ್ರೋಲ್ ಇಂಜಿನ್ನಿನ ಗಾಳಿಯೆಲ್ಲ ಒಂದೇ 20 ಮಿಲಿಮೀಟರ್ ತೂತಿನಲ್ಲಿ ಹೋಗಬೇಕು ಅಂತ ನಿಯಮ.

ಅದೇ 36 ಮಿಲಿಮೀಟರ್ ಬಾಯಿಯಲ್ಲಿ ಲೆಕ್ಕ ಹಾಕಿದರೆ ವೇಗ 60 ಮೀಟರಿಗೆ ಇಳಿಯುತ್ತದೆ. ಇಂಜಿನ್ ಮಾಡಿದವರು ಅಂದುಕೊಂಡಿದ್ದು ಅದನ್ನು. ಆದ್ದರಿಂದ ನಾನು ಪವರ್ "ಹಾಕಿದೆ" ಅಂತ ಹೇಳಲು ಬಾಯಿ ಬರುವುದಿಲ್ಲ. ಹೊಸದೇನೂ ಹಾಕಿಲ್ಲ, ನಡುವೆ ಕೂತಿದ್ದನ್ನು ತೆಗೆದೆ ಅಷ್ಟೇ. ಸುಮ್ನೆ ಏರ್‌ಬಾಕ್ಸಿಗೆ ತೂತು ಕೊರೆದು "ಫ್ರೀ ಫ್ಲೋ" ಅನ್ನುವವರ ಕೆಲಸಕ್ಕೂ ಇದಕ್ಕೂ ಸಂಬಂಧ ಇಲ್ಲ. ಏರ್‌ಬಾಕ್ಸಿನ ಗಾತ್ರ, ಅದರ ಮೂತಿಯ ಉದ್ದ ಎಲ್ಲ ಅಳತೆ ನೋಡಿ ಮಾಡಿರುವುದು. ಅಲ್ಲಿ ಕೊರೆದರೆ ಸದ್ದು ಖಂಡಿತ ಜಾಸ್ತಿ ಆಗುತ್ತದೆ. ಪವರ್ ಎಷ್ಟೋ ಸಲ ನಡುವಿನ ಆರ್‌ಪಿಎಂನಲ್ಲಿ ಕಮ್ಮಿಯೇ ಆಗುತ್ತದೆ.

ವಾಷರ್ ಹೊರಗೆ ಬಂದ ಕೂಡಲೇ ಜೋಡಿಸಿಬಿಡುವ ಆಸೆ ನನಗೆ. ಗೆಳೆಯ ಬಿಡಲಿಲ್ಲ. ಪೂರ್ತಿ ತೆರೆದಾಗ ಪೆಟ್ರೋಲ್ ಬರುವ ಸಣ್ಣ ತೂತಿನ ತುಂಡು, ಮೇನ್ ಜೆಟ್, ಅವನ ಚಿಂತೆ. "ಇಷ್ಟು ವರ್ಷ ಇದರ ಸ್ಲೈಡ್ ಪೂರ್ತಿ ಮೇಲೆದ್ದೇ ಇಲ್ಲ. ಮೇನ್ ಜೆಟ್ ಹೇಗಿದೆ ಅಂತ ಯಾರು ನೋಡಿದಾರೆ?" ಅಂದ. ಮಾತು ಸರಿ. ಈ ಥರದ ಕಾರ್ಬುರೇಟರ್‌ನಲ್ಲಿ ಬಟರ್‌ಫ್ಲೈ ನಮ್ಮ ಕೈಯಲ್ಲಿರುತ್ತದೆ, ಆದರೆ ಅದರ ಹಿಂದಿನ ಸ್ಲೈಡ್ ಅನ್ನುವ ಜಾರುವ ತುಂಡು ಗಾಳಿಯ ಎಳೆತಕ್ಕೆ ತಾನೇ ಮೇಲೇಳುತ್ತದೆ. ಗಾಳಿ ಕಮ್ಮಿ ಇದ್ದರೆ ಸ್ಲೈಡ್ ಅರ್ಧಕ್ಕೇ ನಿಲ್ಲುತ್ತದೆ. ಆಗ ಪೆಟ್ರೋಲನ್ನು ಅಳೆಯುವುದು ಸ್ಲೈಡಿನ ಸೂಜಿ, ಮೇನ್ ಜೆಟ್ಟಿನ ನಿಜವಾದ ಪರೀಕ್ಷೆ ಆಗುವುದೇ ಇಲ್ಲ. ಈಗ ದಿಢೀರನೆ ಗಾಳಿ ಜಾಸ್ತಿ ಬಂದು, ಜೆಟ್ ಅರ್ಧ ಕಟ್ಟಿದ್ದರೆ? ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕ ಪೆಟ್ರೋಲ್ ಇರುವುದಿಲ್ಲ, ಅದೂ ಇಂಜಿನ್ ಅತಿ ಬಿಸಿ ಇರುವ ಹೊತ್ತಿನಲ್ಲಿ. ಪಿಸ್ಟನ್ ಕೆಡುವುದು ಹೀಗೇ.

ಕಾರ್ಬುರೇಟರಿನ ಕೆಳಗೆ ಪೆಟ್ರೋಲ್ ನಿಲ್ಲುವ ಬೌಲ್‌ಗಳನ್ನು ಬಿಚ್ಚಿದೆವು. ಜೆಟ್ ಮೇಲೆ ಕೊರೆದ ನಂಬರ್ ವರ್ಕ್‌ಶಾಪ್ ಮ್ಯಾನುಯಲ್‌ನಲ್ಲಿದ್ದ ನಂಬರಿಗೆ ಸರಿಹೊಂದಿತು. ರಿಸ್ಟ್ರಿಕ್ಟರ್ ಜೊತೆ ಸಣ್ಣ ಜೆಟ್ ಹಾಕಿದ್ದರೆ ಅದನ್ನೂ ಬದಲಾಯಿಸಬೇಕಿತ್ತು, ಆ ಖರ್ಚು ಉಳಿಯಿತು. ಆದರೆ ಒಂದು ಜೆಟ್ಟಿನೊಳಗೆ ಹಳೆ ಪೆಟ್ರೋಲ್ ಒಣಗಿ ಕಂದು ಪದರ ಕಟ್ಟಿತ್ತು. ತಂತಿ ಹಾಕಿ ಕೆರೆದರೆ ತೂತು ದೊಡ್ಡದಾಗುತ್ತದೆ. ಕ್ಲೀನರಿನಲ್ಲಿ ನೆನೆಸಿಟ್ಟು, ಗಾಳಿ ಊದಿ, ಬೆಳಕಿಗೆ ಹಿಡಿದು ನೋಡಿದೆವು. ಸ್ಲೈಡನ್ನು ಎತ್ತುವ ತೆಳು ರಬ್ಬರ್ ಪೊರೆ, ಡಯಾಫ್ರಮ್‌ಗಳನ್ನೂ ಎಳೆದು ಹಿಡಿದು ತೂತು ಇದೆಯಾ ನೋಡಿದೆವು. ಇರಲಿಲ್ಲ.

ಜೋಡಿಸುವುದು ಬಿಚ್ಚುವುದಕ್ಕಿಂತ ಕಷ್ಟ. ನಾಲ್ಕೂ ಬಾಯಿ ಒಟ್ಟಿಗೆ ಒಳಗೆ ಹೋಗಬೇಕು, ಎರಡು ಹೋದರೆ ಇನ್ನೆರಡು ಹೊರಗೆ ಬರುತ್ತವೆ. ಸೋಪು ನೀರು ಹಚ್ಚಿ, ಇಬ್ಬರೂ ಎರಡೂ ಕಡೆಯಿಂದ ಒತ್ತಿ, ಬೈದು, ಮತ್ತೆ ಒತ್ತಿ ಕೂರಿಸಿದೆವು. ವ್ಯಾಕ್ಯೂಮ್ ಗೇಜ್ ಹಾಕಿ ನಾಲ್ಕನ್ನೂ ಒಂದೇ ಮಟ್ಟಕ್ಕೆ ತಂದೆವು.

ಟೆಸ್ಟ್ ರೈಡ್‌ನಲ್ಲಿ ಮೊದಲ ಕೆಲವು ನಿಮಿಷ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಗೊತ್ತಾಗಬಾರದು ಕೂಡ, ಕೆಳಗಡೆ ಬದಲಾಗಿದ್ದು ಏನೂ ಇಲ್ಲವಲ್ಲ. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ನೇರವಾದ ಖಾಲಿ ರಸ್ತೆಯಲ್ಲಿ ಮೂರನೇ ಗೇರ್‌ನಲ್ಲಿ ತೆರೆದೆ. 6,000. ಹಳೆ ಅಭ್ಯಾಸಕ್ಕೆ ನಾನು ಆ ಮಂಕುತನಕ್ಕೆ ಕಾದೆ, ಅದು ಬರಲೇ ಇಲ್ಲ. 8,000ದಲ್ಲಿ ಇನ್‌ಟೇಕಿನ ಸದ್ದೇ ಬೇರೆಯಾಯಿತು. 10,000ಕ್ಕೆ ಮುಳ್ಳು ಯಾವಾಗ ಹೋಯಿತೋ ನೋಡಲಿಲ್ಲ, ಹ್ಯಾಂಡಲ್ ಗಟ್ಟಿಯಾಗಿ ಹಿಡಿದಿದ್ದೆ. ವಾಷರ್ ಇದ್ದಾಗ ಆಕ್ಸಿಲರೇಟರಿನ ಕೊನೆಯ ಅರ್ಧ ತಿರುವು ಸುಮ್ಮನೆ ಇತ್ತು. ಈಗ ಅದೇ ಅರ್ಧದಲ್ಲಿ ಇಡೀ ಬೈಕು ಇದೆ. ತಿರುವಿನಿಂದ ಹೊರಗೆ ಬರುವಾಗ ಹಿಂದಿನ ಹಾಗೆ ಕಣ್ಣುಮುಚ್ಚಿ ಆಕ್ಸಿಲರೇಟರ್ ತಿರುಗಿಸುವ ಹಾಗಿಲ್ಲ.

ವಾಷರ್‌ಗಳನ್ನೂ ಆ ಸರ್ಟಿಫಿಕೇಟನ್ನೂ ಒಂದೇ ಕವರಿನಲ್ಲಿ ಇಟ್ಟಿದ್ದೇನೆ. ಬೈಕು ಮುಂದೆ ಯಾರ ಕೈಗೆ ಹೋಗುತ್ತದೋ ಏನೋ.

ವಾಪಸ್ ಬಂದು ಇಂಜಿನ್ ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಮೂರರ ತುದಿ ತಿಳಿ ಕಂದು, ಚೆನ್ನಾಗಿದೆ. ಲೀನ್ ಆದರೆ ಕಾಣುವ ಬಿಳಿ ಬಣ್ಣ ಎಲ್ಲೂ ಇಲ್ಲ, ಅದರ ಭಯವೇ ಜಾಸ್ತಿ ಇತ್ತು. ಒಂದರಲ್ಲಿ ಮಾತ್ರ ಸ್ವಲ್ಪ ಕಪ್ಪು ಮಸಿ, ಅಂದರೆ ಅಲ್ಲಿ ಪೆಟ್ರೋಲ್ ಜಾಸ್ತಿ. ಜೆಟ್ ತೊಳೆದದ್ದು ಅದರದ್ದಲ್ಲ. ಬೌಲಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟಿನ ಎತ್ತರ ನೋಡಬೇಕು ಅಂದ ಗೆಳೆಯ. ಅಂದರೆ ಕಾರ್ಬುರೇಟರ್ ಮತ್ತೆ ಕೆಳಗಿಳಿಸಬೇಕು. ಮುಂದಿನ ರಜೆಗೆ ಬಾ ಅಂತ ಹೇಳಿ ಕಳಿಸಿದ್ದೇನೆ.