ಎಡಗೈಗೆ ಒಂದು ಮಗ್ಗ

ನಾನು ಬಾಗಲಕೋಟೆಯ ನವನಗರದಲ್ಲಿರುವ ನಿವೃತ್ತ ಬಸ್ ಕಂಡಕ್ಟರ್. ಹೋದ ವರ್ಷ ಪಾರ್ಶ್ವವಾಯು ಬಡಿದು ಎಡಗೈಯ ಅರ್ಧ ಶಕ್ತಿ ಹೋಯಿತು. ಫಿಜಿಯೋಥೆರಪಿಯವರು ರಬ್ಬರ್ ಚೆಂಡು ಕೊಟ್ಟು, ಹಿಚುಕುತ್ತಿರಿ ಎಂದರು. ಹಿಚುಕಿದೆ. ಆದರೆ ಚೆಂಡು ಎಷ್ಟು ಹಿಚುಕಿದರೂ ಅದರಿಂದ ಏನೂ ತಯಾರಾಗುವುದಿಲ್ಲ. ತುಂಬಿದ ಬಸ್ಸಿನಲ್ಲಿ ಒಂದು ಕೈಗೆ ಕಂಬಿ, ಇನ್ನೊಂದು ಕೈಗೆ ಚಿಲ್ಲರೆ ಎಂದು ಹುನಗುಂದದವರೆಗೆ ನಿಂತೇ ಹೋಗುತ್ತಿದ್ದವನು ಮಂಚದ ಮೇಲೆ ಕುಳಿತು ಚೆಂಡು ಹಿಚುಕಿದರೆ ಸಿಟ್ಟು ನೆತ್ತಿಗೇರದೆ ಇರುತ್ತದೆಯೇ? ಅದು ಟಿವಿಯ ಮೇಲೆ, ಸಾರಿನ ಉಪ್ಪಿನ ಮೇಲೆ, ಕೊನೆಗೆ ಹೆಂಡತಿಯ ಮೇಲೆ ಹೋಗುತ್ತಿತ್ತು.

ಅವಳೇ ಒಂದು ದಿನ ಅಟ್ಟದಿಂದ ಗಾಜು ಒಡೆದ ಹಳೆಯ ಫೋಟೋ ಚೌಕಟ್ಟು ಇಳಿಸಿ ಮುಂದಿಟ್ಟಳು. ಜೊತೆಗೆ ಹರಿದ ಇಳಕಲ್ ಸೀರೆ. "ನೇಕಾರರ ಮಗ ಅಂತೀರಲ್ಲ, ಏನಾದರೂ ಮಾಡಿ" ಎಂದಳು.

ನೇಕಾರರ ಮಗ ಹೌದು. ಇಳಕಲ್ಲಿನ ನಮ್ಮ ಮನೆಯಲ್ಲಿ ಕುಣಿಮಗ್ಗವಿತ್ತು. ಅಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ಲಾಳಿ ಎಸೆಯುತ್ತಿದ್ದ, ಅವ್ವ ಕೊಂಡಿ ಹಾಕುತ್ತಿದ್ದಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಇಳಕಲ್ ಸೀರೆಯಲ್ಲಿ ಮೈಯ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ನಮ್ಮಲ್ಲಿ ಮೈಗೆ ಹತ್ತಿ, ಸೆರಗಿಗೆ ಕೆಂಪು ರೇಷ್ಮೆ. ಎರಡರ ಎಳೆಗಳನ್ನೂ ಕುಣಿಕೆಯೊಳಗೆ ಕುಣಿಕೆ ತೂರಿಸಿ ಒಂದೊಂದಾಗಿ ಜೋಡಿಸಬೇಕು, ಅದೇ ಕೊಂಡಿ. ಬಟ್ಟೆಯಲ್ಲಿ ಅದು ಒಂದು ಗೆರೆಯಷ್ಟೇ ಕಾಣುತ್ತದೆ. ಆ ಗೆರೆಯ ಹಿಂದೆ ಅವ್ವನ ಮಧ್ಯಾಹ್ನಗಳಿದ್ದವು.

ನೇಯ್ದರೆ ಮನಸ್ಸಿಗೆ ಶಾಂತಿ ಎಂದು ಈಗ ಮೊಬೈಲಿನಲ್ಲಿ ಎಲ್ಲರೂ ಹೇಳುತ್ತಾರೆ. ಅಪ್ಪನಿಗೆ ಹಾಗೆ ಹೇಳಿದ್ದರೆ ನಕ್ಕುಬಿಡುತ್ತಿದ್ದ. ಮಳೆಗಾಲದಲ್ಲಿ ಕುಣಿಗೆ ನೀರು ಬಂದರೆ ಕೂಲಿ ಇಲ್ಲ, ಬೇಸಿಗೆಯಲ್ಲಿ ಬೆನ್ನು ನೆಟ್ಟಗಾಗುತ್ತಿರಲಿಲ್ಲ. ಆ ಮಗ್ಗದಿಂದ ತಪ್ಪಿಸಿಕೊಳ್ಳಲೆಂದೇ ನಾನು ಬಸ್ ಹತ್ತಿದ್ದು. ಹೊಟ್ಟೆಪಾಡಿನ ನೇಯ್ಗೆಯೇ ಬೇರೆ, ನನ್ನದೇ ಬೇರೆ. ಪಿಂಚಣಿ ಬರುತ್ತದೆ, ಆದ್ದರಿಂದ ನೇಯ್ಗೆ ನನಗೆ ಔಷಧಿ. ಇಷ್ಟನ್ನು ಮರೆತು ಮಾತಾಡುವುದು ನನಗೆ ಸರಿ ಕಾಣುವುದಿಲ್ಲ.

ಇನ್ನು ಕೆಲಸದ ವಿಷಯ, ಅಂದರೆ ಆ ಸೀರೆಯಿಂದ ಚಾಪೆ ನೇಯ್ದದ್ದು. ಚೌಕಟ್ಟಿನ ಎದುರುಬದುರಿನ ಎರಡು ಬದಿಗೆ ಅರ್ಧ ಬೆರಳಿನ ಅಂತರದಲ್ಲಿ ಮೊಳೆ ಹೊಡೆಸಿದೆ. ಹತ್ತಿಯ ಹುರಿಯನ್ನು ಬಿಗಿಯಾಗಿ ಎಳೆದು ಸುತ್ತಿದರೆ ಹಾಸು ಸಿದ್ಧ. ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಸೀರೆಯನ್ನು ಎರಡು ಬೆರಳಗಲದ ಪಟ್ಟಿಗಳಾಗಿ ಹರಿದುಕೊಂಡೆ. ಒಂದು ಎಳೆಯ ಮೇಲೆ, ಮುಂದಿನದರ ಕೆಳಗೆ; ಮರುಸಾಲಿಗೆ ಅದರ ತಿರುವು. ಪ್ರತಿ ಸಾಲನ್ನೂ ಹಣಿಗೆಯಿಂದ ತಟ್ಟಿ ಕೂಡಿಸುವುದು. ಪಟ್ಟಿಯನ್ನು ನೇರವಾಗಿ ಎಳೆದರೆ ಅಂಚುಗಳು ಒಳಗೆ ಸೆಳೆದು ಚಾಪೆಗೆ ಸೊಂಟ ಬರುತ್ತದೆ. ಅದಕ್ಕೆ ಮೊದಲು ಬಿಲ್ಲಿನಂತೆ ಸಡಿಲವಾಗಿ ಬಾಗಿಸಿಟ್ಟು, ಆಮೇಲೆ ತಟ್ಟಬೇಕು.

ಪಟ್ಟಿ ಮುಗಿದಾಗ ಗಂಟು ಹಾಕಬೇಡಿ, ಚಾಪೆಯಲ್ಲಿ ಉಬ್ಬು ಬರುತ್ತದೆ. ಎರಡೂ ತುದಿಗಳಲ್ಲಿ ಸಣ್ಣ ಸೀಳು ಮಾಡಿ. ಹೊಸ ಪಟ್ಟಿಯ ಸೀಳಿನ ತುದಿಯನ್ನು ಹಳೆಯದರ ಸೀಳಿನಿಂದ ತೂರಿಸಿ, ಹೊಸ ಪಟ್ಟಿಯ ಬಾಲವನ್ನು ಅದರದೇ ಸೀಳಿನೊಳಗಿಂದ ಎಳೆದರೆ ಕುಣಿಕೆ ಬಿಗಿಯುತ್ತದೆ. ನಮ್ಮ ಅವ್ವನ ಕೊಂಡಿಯ ದೂರದ ನೆಂಟನೇ ಅದು.

ಆ ಬಾಲವನ್ನು ಎಳೆಯುವ ಕೆಲಸ ಎಡಗೈಗೆ. ಶುರುವಿನಲ್ಲಿ ಎಡಗೈ ಚೌಕಟ್ಟಿನ ಮೇಲೆ ಭಾರವಾಗಿ ಬಿದ್ದಿರುತ್ತಿತ್ತು, ಅಷ್ಟೇ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಪಟ್ಟಿ ಇಟ್ಟರೆ ಜಾರಿಬಿಡುತ್ತಿತ್ತು. ನಾನು ಬಯ್ದರೂ ಬೆರಳಿಗೆ ಕೇಳಿಸದು. ಆದರೆ ಚೆಂಡಿಗಿಲ್ಲದ ಒಂದು ಗುಣ ಇದಕ್ಕಿದೆ: ಸಾಲು ಅರ್ಧಕ್ಕೆ ನಿಂತರೆ ಕಣ್ಣಿಗೆ ಚುಚ್ಚುತ್ತದೆ. ಮುಗಿಸಲೇಬೇಕು ಎನ್ನುವ ಹಟದಲ್ಲಿ ಬೆರಳು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಪಾರ್ಶ್ವವಾಯುವಿನ ನಂತರ ಅರ್ಥವುಳ್ಳ ಕೆಲಸವನ್ನು ಪದೇ ಪದೇ ಮಾಡಿದರೆ ಮಿದುಳು ಹೊಸ ದಾರಿ ಕಲಿಯುತ್ತದೆ ಎಂದು ವೈದ್ಯರು ಹೇಳುವುದೂ ಇದನ್ನೇ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರಿಗೂ ನೇಯ್ಗೆ, ಬುಟ್ಟಿ ಹೆಣೆಯುವ ಕೆಲಸ ಕೊಡುತ್ತಿದ್ದರಂತೆ. ಹಾಗೆಂದು ನಾನು ಮಾತ್ರೆ ಬಿಟ್ಟಿಲ್ಲ, ವ್ಯಾಯಾಮವನ್ನೂ ಬಿಟ್ಟಿಲ್ಲ. ಯಾರೂ ಬಿಡಬೇಡಿ.

ಸಿಟ್ಟು ಹೋಯಿತೇ ಎಂದರೆ ಇಲ್ಲ. ಈಗ ಅದಕ್ಕೊಂದು ಕೆಲಸ ಸಿಕ್ಕಿದೆ, ಹಣಿಗೆಯಿಂದ ತಟ್ಟುವುದು. ಕೆಟ್ಟ ಸಾಲು ಬಿಚ್ಚುವುದಕ್ಕೂ ಈಗ ಬೇಸರವಿಲ್ಲ. ಬಸ್ಸಿನಲ್ಲಿ ಹರಿದ ಟಿಕೆಟ್ಟನ್ನು ಮತ್ತೆ ಕೂಡಿಸಲು ಬರುತ್ತಿರಲಿಲ್ಲ, ಇಲ್ಲಿ ಆ ತೊಂದರೆ ಇಲ್ಲ. ಶರ್ಟಿನ ಗುಂಡಿ ಈಗ ನಾನೇ ಹಾಕಿಕೊಳ್ಳುತ್ತೇನೆ, ಕೊರಳಿನದೊಂದು ಬಿಟ್ಟು.

ಸೀರೆಯ ಚಿಕ್ಕಿ ಪರಾಸ ಎಂಬ ವಿನ್ಯಾಸದ ದಡಿಯನ್ನು ಮಾತ್ರ ಹೆಂಡತಿ ಹರಿಯಲು ಬಿಡಲಿಲ್ಲ, ಎತ್ತಿಟ್ಟುಕೊಂಡಿದ್ದಾಳೆ. ಉಳಿದದ್ದು ಚಾಪೆಯಾಗಿ ದೇವರ ಕೋಣೆಯಲ್ಲಿದೆ. ಈಗ ಪಕ್ಕದ ಮನೆಯ ಅಜ್ಜಿ ತನಗೂ ಕಲಿಸು ಎಂದು ಗಂಟುಬಿದ್ದಿದ್ದಾಳೆ, ಅವಳ ಬಲಗೈ ನಡುಗುತ್ತದೆ. ನವನಗರದಲ್ಲಿ ಬೇರೆ ಯಾರಿಗಾದರೂ ಬೇಕಿದ್ದರೆ ಸಂಜೆ ಐದರ ಮೇಲೆ ಬನ್ನಿ. ಚೌಕಟ್ಟು ನನ್ನ ಹತ್ತಿರ ಇನ್ನೊಂದಿದೆ. ಹಳೆಯ ಸೀರೆ ನಿಮ್ಮದೇ ತನ್ನಿ, ಹತ್ತಿಯದಾಗಿರಲಿ, ನೈಲಾನ್ ಜಾರುತ್ತದೆ.